ಕೊನೆಯ ಗದ್ದೆಗೂ ಒಂದು ಮಾತು

ಕಲಾವಿದ ಜನರ ಪರ ನಿಲ್ಲಬೇಕು ಎನ್ನುತ್ತೇವೆ. ಆದರೆ ಜನರೆಲ್ಲ ಒಂದೇ ಕಡೆ ನಿಂತಿಲ್ಲದಾಗ?

'ಸಮುದಾಯ' ತಂಡ 1975ರಲ್ಲಿ ಹುಟ್ಟಿತು. 1979ರಲ್ಲಿ ಸಾಂಸ್ಕೃತಿಕ ಜಾಥಾ ಹೊರಟು ಬೀದಿನಾಟಕಗಳನ್ನು ಊರೂರಿಗೆ ಒಯ್ದಿತು. ಬಿಹಾರದಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆಯನ್ನು ಕುರಿತ ಅದರ 'ಬೆಲ್ಚಿ' ನೋಡಿದವರು ದೂರದ ಜಮೀನ್ದಾರನನ್ನು ಬೈದು ಸುಮ್ಮನಾಗುವಂತಿರಲಿಲ್ಲ. ತಮ್ಮೂರಿನ ಕೇರಿಯತ್ತಲೂ ತಿರುಗಿ ನೋಡಬೇಕಾಗಿತ್ತು.

ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಕಾವೇರಿ ಕುರಿತು ನಾಟಕ ಆಡುವವರಿಗೂ ಇದೇ ಪರೀಕ್ಷೆ. ನೆರೆರಾಜ್ಯವನ್ನು ಬೈದರೆ ಚಪ್ಪಾಳೆ ಖಚಿತ. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲು 284.75 ಟಿಎಂಸಿ ಎಂದಿತು. ಆ ಪಾಲಿನೊಳಗಿನ ಪಾಲು? ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದ ತೂಬುಗಳಲ್ಲಿ ನೀರು ಹೆಚ್ಚು ಹರಿದರೆ ಮಳವಳ್ಳಿ ಕಡೆಯ ಕೊನೆ ಗದ್ದೆ ಬಿರುಕು ಬಿಡುತ್ತದೆ. ನಾಟಿ ನಿಂತರೆ ಭೂಮಿಯಿಲ್ಲದ ಹೆಣ್ಣಾಳುಗಳ ಕೂಲಿಯೂ ನಿಲ್ಲುತ್ತದೆ.

ಹೋರಾಟದ ಹೊತ್ತಿನಲ್ಲಿ ಇದನ್ನು ಆಡಿದರೆ ಒಗ್ಗಟ್ಟು ಒಡೆಯುತ್ತದೆ ಎನ್ನುವವರಿದ್ದಾರೆ. ಆ ಅಂಜಿಕೆ ಸುಳ್ಳಲ್ಲ. ಆದರೆ ಕೊನೆಯವನ ಬಾಯಿ ಮುಚ್ಚಿಸಿ ಪಡೆದ ಒಗ್ಗಟ್ಟು ಎಷ್ಟು ದಿನ ಬಾಳೀತು? ನಾಟಕ ಕಟ್ಟುವ ಮೊದಲು ತಂಡದವರು ಮೇಲಿನ ತೂಬಿನ ರೈತ, ಕೊನೆಯ ರೈತ, ಕೂಲಿಯಾಳು ಮೂವರನ್ನೂ ಕೂರಿಸಿ ಕೇಳಲಿ. ನಾಟಕದ ಮಾತನ್ನು ಅವರೇ ತಿದ್ದಲಿ.

ಉರ್ದುವಿನಲ್ಲಿ ನ್ಯಾಯಕ್ಕೆ 'ಇನ್ಸಾಫ್' ಎನ್ನುತ್ತೇವೆ. 'ಅರ್ಧ' ಎಂಬರ್ಥದ ಅರಬ್ಬಿಯ 'ನಿಸ್ಫ್' ಅದೇ ಧಾತುವಿನದು. ಪರರಿಂದ ಪಾಲು ಕೇಳುವವನು ತನ್ನ ಪಕ್ಕದವನಿಗೂ ಪಾಲು ಕೊಡಬೇಕೆಂದು ಆ ಪದ ನೆನಪಿಸುತ್ತದೆ. ಜನರ ಪರವಾದ ಕಲೆ ಹೇಳಬೇಕಾದದ್ದೂ ಇಷ್ಟೇ, ಚಪ್ಪಾಳೆ ಬೀಳದಿದ್ದರೂ.