ಸಿಡಿಲೂ ಶಿವಚಿತ್ತವೂ

ಭರಣಿ ಕೃತ್ತಿಕೆಯ ಮಳೆಗಳು ಸಮೀಪಿಸಿದಂತೆ ಭಕ್ತರ ಬಾಯಲ್ಲಿ ಒಂದು ಮಾತು ಕೇಳಿಬರುವುದುಂಟು: ಆಗುವುದೆಲ್ಲ ಶಿವಚಿತ್ತ, ಸಿಡಿಲಿಗಂಜಿ ಕಾಯಕವನ್ನು ಬಿಡುವುದು ಶರಣನಿಗೆ ಸಲ್ಲದು. ಇದು ಭಕ್ತಿಯೋ ಉದಾಸೀನವೋ ಎಂಬುದನ್ನು ವಿಚಾರಿಸತಕ್ಕದ್ದು.

ಕಾಯಕನಿಷ್ಠೆಗೆ ನುಲಿಯ ಚಂದಯ್ಯನವರನ್ನು ಉದಾಹರಿಸುವರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ನೀರಿಗೆ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಕಥೆ ಪ್ರಸಿದ್ಧವಾದುದು. ಆದರೆ ಆ ಕಾಯಕವು ಜಂಗಮದಾಸೋಹಕ್ಕಾಗಿ ನಡೆದುದು. ಕಾಯವೇ ಅಳಿದ ಮೇಲೆ ಕಾಯಕವೆಲ್ಲಿ, ದಾಸೋಹವೆಲ್ಲಿ? ಅಲ್ಲದೆ ಅವರು ಪರರನ್ನು ಅಪಾಯಕ್ಕೆ ನಿಲ್ಲಿಸಿ ತಮ್ಮ ನಿಷ್ಠೆಯನ್ನು ಮೆರೆದವರಲ್ಲ.

ನಮ್ಮ ಸೀಮೆಯ ಸ್ಥಿತಿಯನ್ನು ನೋಡಿರಿ. ವೈಶಾಖದ ಬಿಸಿಲಿಗೆ ನೆಲ ಕಾದು, ಅರಬ್ಬೀ ಸಮುದ್ರದ ತೇವಗಾಳಿಯು ಘಟ್ಟವನ್ನೇರಿ ಬಂದಾಗ, ಮಧ್ಯಾಹ್ನದ ಮೇಲೆ ಮೋಡಗಳು ಗೋಪುರದಂತೆ ಬೆಳೆಯುವುವು. ಖಾನಾಪುರದ ಕಾಡಿನ ಹಳ್ಳಗಳು ಬೇಸಗೆಯಲ್ಲಿ ಒಣಗಿದ್ದರೂ ಮೇಲ್ಗಡೆ ಬಿದ್ದ ಮಳೆಯಿಂದ ಅಲ್ಪಕಾಲದಲ್ಲಿಯೇ ಉಕ್ಕಬಲ್ಲವು. ಬೆಳಗಾವಿ ನಗರದಲ್ಲಿ ಕಸ ತುಂಬಿದ ಗಟಾರವು ಮೇಲಿನ ಓಣಿಯ ನೀರನ್ನು ಕೆಳಗಿನವರ ಮನೆಗೆ ನುಗ್ಗಿಸುವುದು. ೨೦೧೯ರ ಆಗಸ್ಟಿನ ಮುಂಗಾರಿನಲ್ಲಿ ಮಲಪ್ರಭೆಯೂ ಬಳ್ಳಾರಿ ನಾಲೆಯೂ ತುಂಬಿ ಹರಿದುದನ್ನು ಕಂಡವರಿಗೆ ನೀರಿನ ಬಲವನ್ನು ಹೇಳಬೇಕಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗುಡುಗಿದಾಗ ಹೊಲದೊಡೆಯನು ಯಾರನ್ನೂ ಕೇಳದೆ ಮನೆ ಸೇರಬಲ್ಲನು. ಕೂಲಿಯವಳಾದರೋ, ಅಪ್ಪಣೆಯಿಲ್ಲದೆ ಹೊರಟರೆ ದಿನದ ಕೂಲಿ ಹೋದೀತೆಂದು ಬಯಲಿನಲ್ಲಿಯೇ ನಿಲ್ಲುವಳು. ತನ್ನ ಪ್ರಾಣವನ್ನು ಶಿವನಿಗೊಪ್ಪಿಸುವೆನೆಂದರೆ ಅದು ಅವನವನ ಭಾವ. ಪರರ ಪ್ರಾಣವನ್ನು ಪಣವಿಟ್ಟು ಶಿವಚಿತ್ತವೆನ್ನುವುದು ದಯೆಯಿಲ್ಲದ ಮಾತು. ದಯೆಯಿಲ್ಲದಲ್ಲಿ ಧರ್ಮವು ನಿಲ್ಲದು.

ಆದಕಾರಣ ಗೃಹಸ್ಥನು ಮುಂಚಿತವಾಗಿ ಮಾಡಬೇಕಾದ ಕರ್ತವ್ಯಗಳಿವೆ. ಮಿಂಚು ಕಂಡು ೩೦ ಸೆಕೆಂಡುಗಳೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ೧೦ ಕಿಲೋಮೀಟರಿನೊಳಗಿದೆಯೆಂದು ತಿಳಿದು, ಆಳುಗಳನ್ನು ತಾನಾಗಿಯೇ ಕರೆದು ಗಟ್ಟಿಯಾದ ಮನೆಯೊಳಗೆ ಸೇರಿಸಬೇಕು. ಮರದ ಕೆಳಗೆ ನಿಲ್ಲಿಸಬಾರದು. ಕೊನೆಯ ಗುಡುಗಿನ ಬಳಿಕ ೩೦ ನಿಮಿಷ ಕಾಯಬೇಕು. ಆ ಹೊತ್ತಿನ ಕೂಲಿಯನ್ನು ಮುರಿಯಬಾರದು. ದನಕರುಗಳನ್ನು ಮರಕ್ಕೆ ಕಟ್ಟಬಾರದು. ಹರಿಯುವ ಹಳ್ಳವನ್ನು ದಾಟಲು ಯಾರಿಗೂ ಹೇಳಬಾರದು. ಸಿಡಿಲಿನ ಮುನ್ಸೂಚನೆ ಕೊಡುವ 'ದಾಮಿನಿ'ಯನ್ನು ಮನೆಯ ಒಂದು ಮೊಬೈಲಿನಲ್ಲಾದರೂ ಇಟ್ಟಿರಬೇಕು. ಮಳೆಗೆ ಮೊದಲೇ ಮನೆಯ ಮುಂದಿನ ಗಟಾರವನ್ನು ಶುಚಿಗೊಳಿಸಬೇಕು. ಕಸವನ್ನು ನಾಲೆಗೆ ಸುರಿಯಬಾರದು.

ಇಷ್ಟನ್ನು ಮಾಡಿದ ಮೇಲೂ ಮನುಷ್ಯನ ಕೈ ಮೀರಿದುದು ಉಳಿಯುತ್ತದೆ. ಶಿವಚಿತ್ತವೆಂಬ ಮಾತಿಗೆ ಸ್ಥಾನವಿರುವುದು ಅಲ್ಲಿ. ಕೈಯಲ್ಲಿರುವುದನ್ನು ಮಾಡದೆ ಆ ಮಾತನ್ನಾಡುವವನು ತನ್ನ ಆಲಸ್ಯದ ಹೊರೆಯನ್ನು ಶಿವನ ಮೇಲೆ ಹೊರಿಸುವನು.