ಪಿತೃಪೈತಾಮಹ ಮಿತ್ರ: ರಾಜ್ಯಗಳ ಸ್ನೇಹದ ಒಂದು ಸಮಸ್ಯೆ

ಮನಸ್ಸೆಂಬುದೇ ಇಲ್ಲದ ರಾಜ್ಯಕ್ಕೆ ಸ್ನೇಹ ಸಾಧ್ಯವೇ ಎಂಬ ಪ್ರಶ್ನೆಯನ್ನು ಕೌಟಿಲ್ಯನ ಅರ್ಥಶಾಸ್ತ್ರ ಭಾವನೆಯ ಮಾತೆತ್ತದೆಯೇ ಎದುರಿಸುತ್ತದೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಸಪ್ತಾಂಗಗಳಲ್ಲಿ, ಅಂದರೆ ರಾಜ್ಯದ ಏಳು ಅಂಗಗಳಲ್ಲಿ, ಮಿತ್ರನೊಬ್ಬನೇ ಗಡಿಯ ಹೊರಗಿರುವವನು. ನೆರೆಯ ರಾಜ ಶತ್ರು, ಅವನಾಚೆಯ ರಾಜ ಮಿತ್ರ ಎಂದು ಭೂಗೋಳದಿಂದಲೇ ಸಂಬಂಧವನ್ನು ನಿರ್ಣಯಿಸುವ ಈ ಗ್ರಂಥವೇ ಉತ್ತಮ ಮಿತ್ರನ ಲಕ್ಷಣಗಳಲ್ಲಿ ಪಿತೃಪೈತಾಮಹತ್ವವನ್ನು, ಎಂದರೆ ತಂದೆ ತಾತಂದಿರ ಕಾಲದಿಂದ ನಡೆದುಬಂದಿರುವುದನ್ನು, ಮೊದಲಿಗೆ ಹೇಳುತ್ತದೆ. ಪ್ರಯೋಜನವೇ ಸ್ನೇಹದ ಆಧಾರವಾದರೆ ಅದರ ವಯಸ್ಸಿಗೆ ಬೆಲೆಯೇಕೆ?

1373ರ ಲಂಡನ್ ಒಪ್ಪಂದದಿಂದ ಆರಂಭವಾಗಿ 1386ರ ವಿಂಡ್ಸರ್ ಒಪ್ಪಂದದಿಂದ ಗಟ್ಟಿಗೊಂಡ ಇಂಗ್ಲೆಂಡ್-ಪೋರ್ಚುಗಲ್ ಮೈತ್ರಿಯನ್ನು ಈ ಪ್ರಶ್ನೆಗೆ ಒಡ್ಡಿ ನೋಡಬಹುದು. ಪೋರ್ಚುಗಲ್ಲಿನ ನೆರೆಯ ಕ್ಯಾಸ್ಟೀಲ್ ರಾಜ್ಯವೆಂಬ ಸಮಾನ ಶತ್ರುವಿನಿಂದ ಹುಟ್ಟಿದ್ದರಿಂದ ಅದರ ಮೂಲ ಕೌಟಿಲ್ಯನ ಸೂತ್ರಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಆ ಶತ್ರುತ್ವ ಅಳಿದ ಮೇಲೂ ಒಪ್ಪಂದ ಅಳಿಯಲಿಲ್ಲ. ಸ್ಪೇನಿನ ದೊರೆಯ ಅಧೀನವಾಗಿದ್ದ ಲಿಸ್ಬನ್ನಿನಿಂದಲೇ 1588ರಲ್ಲಿ ಇಂಗ್ಲೆಂಡಿನ ಮೇಲೆ ನೌಕಾಪಡೆ ಹೊರಟಿತು. 1890ರಲ್ಲಿ ಆಫ್ರಿಕಾದ ನೆಲಕ್ಕಾಗಿ ಬ್ರಿಟನ್ನೇ ಪೋರ್ಚುಗಲ್ಲನ್ನು ಬೆದರಿಸಿತು. ಇಂಥ ಬಿರುಕುಗಳನ್ನೂ ದಾಟಿ ಉಳಿದದ್ದರಿಂದ, ಪ್ರಯೋಜನ ಮುಗಿದೊಡನೆ ಮುಗಿಯುವ ಸ್ನೇಹವೆಂದು ಅರಿಸ್ಟಾಟಲ್ ಗುರುತಿಸಿದ ವರ್ಗಕ್ಕೆ ಇದು ಪೂರ್ಣವಾಗಿ ಸೇರುವುದಿಲ್ಲ.

ವಯಸ್ಸಿನ ಬೆಲೆ 1943ರಲ್ಲಿ ಕಾಣಿಸಿತು. ಎರಡನೆಯ ಮಹಾಯುದ್ಧದಲ್ಲಿ ತಟಸ್ಥವಾಗಿದ್ದ ಪೋರ್ಚುಗಲ್, ಅಜೋರ್ಸ್ ದ್ವೀಪಗಳ ನೆಲೆಗಳನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಿತು. ಚರ್ಚಿಲ್ ಸಂಸತ್ತಿನಲ್ಲಿ ಅದನ್ನು ಪ್ರಕಟಿಸುವಾಗ 1373ರ ಒಪ್ಪಂದವನ್ನೇ ಆಧಾರವಾಗಿ ಮುಂದಿಟ್ಟರು. ಯುದ್ಧದ ಗಾಳಿ ಬೀಸುತ್ತಿದ್ದ ದಿಕ್ಕು ಲಿಸ್ಬನ್ನಿನ ನಿರ್ಧಾರದಲ್ಲಿ ಪಾತ್ರ ವಹಿಸಲಿಲ್ಲವೆಂದು ಯಾರೂ ಹೇಳಲಾರರು. ಆದರೂ ಹೊಸದಾಗಿ ಪಕ್ಷ ಹಿಡಿಯುವುದಕ್ಕೂ ಹಳೆಯ ಮಾತನ್ನು ನಡೆಸಿಕೊಡುವುದಕ್ಕೂ ಲೋಕದ ಕಣ್ಣಿನಲ್ಲಿ ಅಂತರವಿದೆ, ಮತ್ತು ಆ ಅಂತರವನ್ನು ಒದಗಿಸಬಲ್ಲದ್ದು ಪಿತೃಪೈತಾಮಹ ಮೈತ್ರಿಯೊಂದೇ.

ಹೆಚ್ಚು ಕಠಿಣವಾದದ್ದು ಪೋರ್ಚುಗಲ್ಲಿನ ವಸಾಹತಾಗಿದ್ದ ಗೋವೆಯ ಪ್ರಸಂಗ. ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಮತ್ತು ಪೋರ್ಚುಗಲ್ಲಿನ ರಾಜಕುಮಾರಿ ಬ್ರಗಾಂಜಾದ ಕ್ಯಾಥರೀನಳ ವಿವಾಹಕ್ಕಾಗಿ ಆದ 1661ರ ಒಪ್ಪಂದದಲ್ಲಿ ಮುಂಬಯಿ ವರದಕ್ಷಿಣೆಯಾಗಿ ಬಂದಿತ್ತು. ಪ್ರತಿಯಾಗಿ ಪೋರ್ಚುಗಲ್ಲಿನ ಸಾಗರದಾಚೆಯ ಪ್ರದೇಶಗಳ ರಕ್ಷಣೆಗೆ ಇಂಗ್ಲೆಂಡ್ ಮಾತುಕೊಟ್ಟಿತ್ತು. 1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆ ಗೋವೆಯನ್ನು ಪ್ರವೇಶಿಸಿದಾಗ ಬ್ರಿಟನ್ ಭದ್ರತಾ ಮಂಡಳಿಯಲ್ಲಿ ಪೋರ್ಚುಗಲ್ ಪರ ಮತ ಹಾಕಿತೇ ಹೊರತು, ಕಾಮನ್‌ವೆಲ್ತ್ ಸದಸ್ಯ ರಾಷ್ಟ್ರದ ವಿರುದ್ಧ ಶಸ್ತ್ರ ಹಿಡಿಯಲಿಲ್ಲ. ಪೋರ್ಚುಗಲ್ಲಿನ ಪ್ರಧಾನಿ ಸಲಜಾರ್ ಇದನ್ನು ವಚನಭಂಗವೆಂದೇ ಬಗೆದರು. ವಚನದ ದೃಷ್ಟಿಯಿಂದ ಅವರ ದೂರಿನಲ್ಲಿ ಹುರುಳಿತ್ತು. ಆದರೆ ಇಬ್ಬರು ಮಿತ್ರರು ಮೂರನೆಯವರ ನೆಲವನ್ನು ಕುರಿತು ಮಾಡಿಕೊಂಡ ಪ್ರತಿಜ್ಞೆ, ಆ ನೆಲದ ಜನರನ್ನು ಕೇಳದೆ ಮಾಡಿದ್ದು, ಮೊದಲಿಗೇ ಎಷ್ಟು ಬಂಧಕವಾಗಿತ್ತು ಎಂಬುದು ಬೇರೆ ಪ್ರಶ್ನೆ. ಸಪ್ತಾಂಗಗಳಲ್ಲಿ ಜನಪದವೂ ಒಂದು ಅಂಗವೇ ಆಗಿದ್ದರೂ, ಮಿತ್ರನನ್ನು ಆರಿಸುವ ಅಧಿಕಾರವನ್ನು ಕೌಟಿಲ್ಯನೂ ಅದಕ್ಕೆ ಕೊಟ್ಟಿಲ್ಲ.