ಮೂರು ಕಾರು ಬಿಚ್ಚಿದಾಗ ಸಿಗದೇ ಹೋದದ್ದು

*ಇಂದಿನ ಧಮ್ಮ ಚಿಂತನೆ*



ಕುಮಟಾ, ಹೊನ್ನಾವರ, ಭಟ್ಕಳ – ಹೆದ್ದಾರಿ ಬದಿಯ ಯಾವ ಗ್ಯಾರೇಜಿಗೆ ಹೋದರೂ ಮೊದಲು ಬರುವುದು ತುಕ್ಕಿನ ಮಾತು. ಸಮುದ್ರದ ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಬಾಗಿಲಿನ ಕೆಳಗಿನ ತಗಡು ಹೋಗುತ್ತದೆ, ಆಮೇಲೆ ಕಾಲಿಡುವ ತಳ ಹೋಗುತ್ತದೆ. ಟಿಂಕರ್ ಕೆಲಸದವರು ಕೊಳೆತ ತಗಡು ಕತ್ತರಿಸಿ, ಹೊಸದು ಬೆಸೆದು, ಪುಟ್ಟಿ ಹಚ್ಚಿ, ಬಣ್ಣ ಹೊಡೆದು ಕೊಡುತ್ತಾರೆ. ವರ್ಷಗಳು ಕಳೆದಂತೆ ಒಂದು ಓಮ್ನಿಯ ಅರ್ಧ ಮೈ ಬದಲಾಗಿರುತ್ತದೆ. ಆದರೂ ಅದನ್ನು ಅದೇ ಓಮ್ನಿ ಎನ್ನುತ್ತೇವೆ. ಹೇಗೆ?

ಇದೇ ಕೆಲಸವನ್ನು ಅಮೆರಿಕದಲ್ಲಿ ಹಲವರು ಮನೆಯ ಶೆಡ್ಡಿನಲ್ಲೇ ಹವ್ಯಾಸವಾಗಿ ಮಾಡುತ್ತಾರೆ. ಕ್ಯಾಡಿಲಾಕ್, ಪ್ಯಾಕಾರ್ಡ್, ಲಿಂಕನ್‌ನಂಥ ಹಳೆಯ ಐಷಾರಾಮಿ ಕಾರು ತಂದು, ಒಂದೊಂದು ಬೋಲ್ಟನ್ನೂ ಬಿಚ್ಚಿ, ಚೀಲಕ್ಕೆ ಹಾಕಿ, ಹೆಸರಿನ ಚೀಟಿ ಅಂಟಿಸಿ ಇಡುತ್ತಾರೆ. ಎಂಜಿನ್ ಇಳಿಸಿ ಕೊರೆಸುತ್ತಾರೆ, ಬಂಪರಿಗೆ ಹೊಸ ಕ್ರೋಮ್ ಕಟ್ಟಿಸುತ್ತಾರೆ, ಸೀಟಿನ ಬಟ್ಟೆ ಹೊಲಿಸುತ್ತಾರೆ. ವರ್ಷಗಟ್ಟಲೆ ಹಿಡಿಯುವ ಕೆಲಸ. ಧರ್ಮಸ್ಥಳದ ಕಾರು ಸಂಗ್ರಹಾಲಯ ನೋಡಿದವರಿಗೆ ಇಂಥ ಹಳೆಯ ಕಾರುಗಳ ಅಂದ ಗೊತ್ತಿರುತ್ತದೆ.

ಈ ಹವ್ಯಾಸಿಗಳ ಪೇಟೆಯಲ್ಲಿ ‘ನಂಬರ್ ಕೂಡಿದ ಕಾರು’ ಎಂಬ ಮಾತಿದೆ. ಎಂಜಿನ್ನಿನ ಮೇಲೆ ಕಾರ್ಖಾನೆ ಒತ್ತಿದ ನಂಬರು ಆ ಕಾರಿನ ಚಾಸಿಗೆ ತಾಳೆಯಾದರೆ ಬೆಲೆ ಏರುತ್ತದೆ. ಅದೇ ಮಾದರಿಯ ಇನ್ನೊಂದು ಕಾರಿನ ಎಂಜಿನ್ ಕೂರಿಸಿದ್ದರೆ, ಅಷ್ಟೇ ಚೆನ್ನಾಗಿ ಓಡಿದರೂ, ಬೆಲೆ ಇಳಿಯುತ್ತದೆ. ನಮ್ಮ ಸರ್ಕಾರವೂ 2021ರಲ್ಲಿ 50 ವರ್ಷ ದಾಟಿದ ವಾಹನಗಳ ನೋಂದಣಿಗೆ ಬೇರೆ ನಿಯಮ ತಂದಿತು. ಚಾಸಿ, ಮೈ, ಎಂಜಿನ್ ಮೂಲದಂತೆಯೇ ಉಳಿದಿರಬೇಕು ಎಂಬುದು ಅದರ ಷರತ್ತು.

ಹಾಗಾದರೆ ಈ ‘ಮೂಲ’ ಇರುವುದೆಲ್ಲಿ? ಉತ್ತರ ಕ್ಯಾಡಿಲಾಕಿನ ಚರಿತ್ರೆಯಲ್ಲೇ ಇದೆ. 1908ರಲ್ಲಿ ಲಂಡನ್ ಸಮೀಪದ ಬ್ರೂಕ್‌ಲ್ಯಾಂಡ್ಸ್‌ನಲ್ಲಿ, ಬ್ರಿಟನ್ನಿನ ರಾಯಲ್ ಆಟೋಮೊಬೈಲ್ ಕ್ಲಬ್ಬಿನ ಕಣ್ಣೆದುರು, ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿದರು. ಎರಡು ಸಾವಿರಕ್ಕೂ ಹೆಚ್ಚು ಬಿಡಿಭಾಗಗಳನ್ನು ಒಂದೇ ರಾಶಿಯಾಗಿ ಬೆರೆಸಿದರು. ಅದರಿಂದ ಸುಮಾರು 90 ಭಾಗ ತೆಗೆದು, ಬದಲಿಗೆ ಅಂಗಡಿಯ ದಾಸ್ತಾನಿನಿಂದ ಬೇರೆಯವನ್ನು ಹಾಕಿದರು. ಆ ರಾಶಿಯಿಂದಲೇ ಮತ್ತೆ ಮೂರು ಕಾರು ಕಟ್ಟಬೇಕು. ಅರ ಹಾಕಿ ಉಜ್ಜಿ ಹೊಂದಿಸುವಂತಿಲ್ಲ. ಮೆಕ್ಯಾನಿಕ್‌ಗಳು ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳಿಂದಲೇ ಕಟ್ಟಿದರು. ಮೂರೂ ಕಾರು 500 ಮೈಲಿ ಓಡಿ ತೋರಿಸಿದವು. ಕ್ಯಾಡಿಲಾಕಿಗೆ ಡ್ಯೂವರ್ ಟ್ರೋಫಿ ಬಂದದ್ದು ಇದಕ್ಕೇ.

ಈಗ ಕೇಳಿ: ಆ ಮೂರರಲ್ಲಿ ಮೊದಲನೆಯ ಕಾರು ಯಾವುದು? ಪ್ರಶ್ನೆಗೇ ಅರ್ಥ ಉಳಿಯಲಿಲ್ಲ. ಮೂರು ಕಾರು ಬಿಚ್ಚಿದವರಿಗೆ ಗೇರು ಸಿಕ್ಕಿತು, ಚಕ್ರ ಸಿಕ್ಕಿತು, ‘ಮೂಲ’ ಎಂಬ ವಸ್ತು ಮಾತ್ರ ಸಿಗಲಿಲ್ಲ.

ಭಿಕ್ಖು ನಾಗಸೇನರು ರಾಜ ಮಿಲಿಂದನಿಗೆ ರಥವನ್ನು ತೋರಿಸಿ ಕೇಳಿದ್ದೂ ಇದನ್ನೇ. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ. ಎಲ್ಲ ಸೇರಿ ಓಡಿದಾಗ ನಾವು ಇಟ್ಟುಕೊಂಡ ಹೆಸರು ರಥ. ನಮ್ಮ ಓಮ್ನಿಯೂ ಹಾಗೆಯೇ. ಒಳಗೆ ಬದಲಾಗದ ಒಂದೇನೋ ಇದೆ ಎಂದಲ್ಲ, ನಿನ್ನೆಯದರಿಂದ ಇಂದಿನದು ಬಂತು, ಒಂದೊಂದೇ ಭಾಗವಾಗಿ ಬಂತು, ಓಡುತ್ತಾ ಬಂತು ಎಂಬುದಕ್ಕೆ ಅದೇ ಓಮ್ನಿ ಎನ್ನುತ್ತೇವೆ.

ಬಂಧುಗಳೇ, ಕಾರಿನ ಮಟ್ಟಿಗೆ ನಂಬರ್ ಹುಚ್ಚು ಯಾರಿಗೂ ಕೇಡಲ್ಲ. ಮನುಷ್ಯರ ಮಟ್ಟಿಗೆ ಅದೇ ಜಾತಿ. ಹುಟ್ಟಿನ ಸಾಲೆಯಲ್ಲಿ ಒತ್ತಿದ ಗುರುತು, ಆ ಗುರುತು ಕೂಡಿದರಷ್ಟೇ ಬೆಲೆ. ಬುದ್ಧರು ಮನುಷ್ಯನನ್ನು ನಡೆಯಿಂದ ಅಳೆದರು, ಹುಟ್ಟಿನಿಂದ ಅಲ್ಲ. ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಜಾತಿ ಮುರಿಯಲು ನಿಜವಾದ ಮದ್ದು ಅಂತರ್ಜಾತಿ ವಿವಾಹ ಎಂದರು. ಆದರೆ ನಮ್ಮ ಮನೆಗಳಲ್ಲೇ ಸಂಬಂಧ ಕೂಡುವಾಗ ಏನಾಗುತ್ತದೆ? ಗೋಡೆಯ ಮೇಲೆ ಬುದ್ಧರ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ಚಹಾ ಮುಗಿಯುವ ಹೊತ್ತಿಗೆ ಮೆಲ್ಲನೆ ಒಂದು ಪ್ರಶ್ನೆ: “ನೀವು ಯಾವ ಪೈಕಿ? ಎಡಗೈಯೋ, ಬಲಗೈಯೋ?” ಹುಡುಗ ಒಳ್ಳೆಯವನು, ದುಡಿಯುತ್ತಾನೆ, ಕುಡಿಯುವುದಿಲ್ಲ, ಹುಡುಗಿಗೂ ಒಪ್ಪಿಗೆ. ಗಾಡಿ ಓಡುತ್ತಿದೆ. ನಂಬರ್ ಕೂಡಲಿಲ್ಲ ಎಂದು ಸಂಬಂಧ ಮುರಿಯುತ್ತದೆ.

“ಹಾಗಾದರೆ ಜಾತಿ ಪ್ರಮಾಣಪತ್ರ ಏಕೆ ಇಟ್ಟುಕೊಂಡಿದ್ದೀರಿ?” ಎಂದು ಹೊರಗಿನವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಉತ್ತರವೂ ಇದೆ. 1990ರ ತಿದ್ದುಪಡಿಯಿಂದ ಬೌದ್ಧರಾದ ಪರಿಶಿಷ್ಟರಿಗೂ ಮೀಸಲಾತಿ ದೊರೆಯಿತು. ಆ ಪತ್ರ ಹೇಳುವುದು ನಮ್ಮ ಬೆಲೆಯನ್ನಲ್ಲ, ನಮ್ಮ ಮೇಲೆ ಬಿದ್ದ ಪೆಟ್ಟನ್ನು. ಎಲ್ಲಿ ನುಗ್ಗಾಗಿದೆ ಎಂದು ತಿಳಿಯದೆ ಯಾವ ಟಿಂಕರನೂ ರಿಪೇರಿ ಮಾಡಲಾರ. ಪೆಟ್ಟಿನ ದಾಖಲೆ ಇರಬೇಕು, ರಿಪೇರಿ ಮುಗಿಯುವ ತನಕ ಇರಬೇಕು. ಪೆಟ್ಟನ್ನೇ ವಂಶದ ಗುರುತೆಂದು ಮೆರೆಸುವುದು, ಅದನ್ನು ತೋರಿಸಿ ಇನ್ನೊಬ್ಬರನ್ನು ಬಾಗಿಲಾಚೆ ನಿಲ್ಲಿಸುವುದು ಬೇರೆ.

ಟಿಂಕರ್ ಕೆಲಸದವರಿಂದ ಇನ್ನೊಂದು ಮಾತು ಕಲಿಯೋಣ. ತುಕ್ಕಿನ ಮೇಲೆ ಪುಟ್ಟಿ ಹಚ್ಚಿದರೆ ಬಣ್ಣ ಚೆನ್ನಾಗಿಯೇ ಕೂರುತ್ತದೆ, ಆದರೆ ಒಳಗಿನ ತುಕ್ಕು ತಿನ್ನುವುದು ನಿಲ್ಲದು. ತಗಡು ಕತ್ತರಿಸಲೇಬೇಕು. ದೀಕ್ಷೆ ಬಣ್ಣವಾಗಬಾರದು.

*ಇಂದಿನ ಪ್ರಶ್ನೆ:* ನಮ್ಮ ಮನೆಯಲ್ಲಿ ಮುಂದಿನ ಸಂಬಂಧದ ಮಾತು ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಯಾವುದಿರಬೇಕು? ಮನೆಮಂದಿಯೆಲ್ಲ ಕೂತು ಮಾತಾಡಿ.

ಜೈ ಭೀಮ್. ನಮೋ ಬುದ್ಧಾಯ.